ಗುಬ್ಬಣ್ಣ ಮಲಗಿದ್ದಾನೆ, ಗದ್ದಲ ಬೇಡ

ನಮ್ಮ ಭಾವ ಹೆಂಡತಿಗೆ ಜ್ವರ ಬಂದರೆ “ಒಂದು ಮಾತ್ರೆ ತಗೊಂಡು ಮಲ್ಕೊ” ಎನ್ನುವ ಮನುಷ್ಯ. ಆದರೆ ಆಮೆಯೊಂದು ಬೆಳಗಿನ ಹೊತ್ತು ಎರಡು ಸಲ ಆಕಳಿಸಿತೆಂದು ಆಫೀಸಿಗೆ ರಜೆ ಹಾಕಿದ್ದಾರೆ! ಸುಳ್ಳಾದರೆ ಕೇಳಿ. ಸ್ವೀಡನ್ನಿನಲ್ಲಿ ಮಗುವಿಗೆ ಹುಷಾರಿಲ್ಲದಿದ್ದರೆ ಅಪ್ಪ ಅಮ್ಮನಿಗೆ ರಜೆ ಸಿಗುತ್ತದೆ. ಭಾವ ಮೇಲಧಿಕಾರಿಗೆ ಫೋನು ಮಾಡಿ, ಆ ರಜೆ ಆಮೆಗೂ ಅನ್ವಯಿಸುತ್ತದೆಯೇ ಎಂದು ಗಂಭೀರವಾಗಿ ವಿಚಾರಿಸಿದರಂತೆ. ಆ ಪುಣ್ಯಾತ್ಮ ಅದಕ್ಕಿಂತ ಗಂಭೀರವಾಗಿ, “ವಯಸ್ಸೆಷ್ಟು? ಹನ್ನೆರಡು ದಾಟಿದ್ದರೆ ಆಗೋದಿಲ್ಲ” ಎಂದನಂತೆ. ಆಮೆಗೆ ನಲವತ್ತು ದಾಟಿತ್ತು. ಭಾವ ಸ್ವಂತ ರಜೆಯನ್ನೇ ಹಾಕಿದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಎಂಜಿನಿಯರು. ನಾನು ಉಪ್ಸಾಲಾದ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದೇನೆ. ಶನಿವಾರ ಬಂತೆಂದರೆ ಅನ್ನ ಸಾರಿನ ಆಸೆಗೆ ರೈಲು ಹತ್ತಿ ಅಕ್ಕನ ಮನೆಗೆ ಓಡುವವಳು. ಅಲ್ಲಿ ಹೊಟ್ಟೆ ತುಂಬ ಊಟ ಸಿಗುವುದು ನಿಜ. ಅದರ ಜೊತೆಗೆ ಪ್ರತಿ ಸಲವೂ ಎದೆ ಧಸಕ್ಕೆನ್ನುವಂಥದ್ದೊಂದು ಕಾದಿರುತ್ತದೆ ಎಂಬುದು ನನಗೆ ಮೊದಲೇ ಗೊತ್ತಿದ್ದರೆ ಉಪ್ಸಾಲಾದಲ್ಲೇ ಬ್ರೆಡ್ಡು ತಿಂದುಕೊಂಡು ಇರುತ್ತಿದ್ದೆನೋ ಏನೋ!

ಆ ಮನೆಯಲ್ಲಿ ಚೀಟಿಯಿಲ್ಲದ ವಸ್ತುವಿಲ್ಲ. ಅಕ್ಷರ ಅಚ್ಚುಹಾಕುವ ಪುಟ್ಟ ಯಂತ್ರವೊಂದು ಕೈಗೆ ಬಂದಂದಿನಿಂದ ಭಾವ ಉಪ್ಪಿನ ಡಬ್ಬಕ್ಕೆ ‘ಉಪ್ಪು’ ಎಂದೂ, ಅದರ ಮುಚ್ಚಳಕ್ಕೆ ‘ಉಪ್ಪಿನ ಮುಚ್ಚಳ’ ಎಂದೂ ಅಂಟಿಸಿದ್ದಾರೆ. ಬಚ್ಚಲಿನ ಕನ್ನಡಿಯ ಮೇಲೆ ‘ನೀನು’ ಎಂಬ ಚೀಟಿ ನೋಡಿ ನಾನು ಹೌಹಾರಿದ್ದೆ! ಎಲ್ಲದಕ್ಕೂ ಚೀಟಿಯಿದ್ದರೆ ಏನಾಗುತ್ತದೆ ಹೇಳಿ? ಯಾರೂ ಯಾವುದನ್ನೂ ಓದುವುದಿಲ್ಲ.

ಇನ್ನು ಅವರ ಬೂಟು. ಕಂದು ಚರ್ಮದ, ಅವರ ಪಾದಕ್ಕಿಂತ ಎರಡು ಸೈಜು ದೊಡ್ಡದಾದ, ತುದಿಗೆ ಪೇಪರು ತುರುಕಿದ ಪುರಾತನ ಬೂಟು. ಹಿಮದಲ್ಲಿ ಭಾವ ನಡೆದು ಬಂದರೆ ಎರಡು ದೋಣಿ ತೇಲಿ ಬಂದ ಹಾಗಿರುತ್ತದೆ.

“ಮದುವೆಯಾಗಿ ಬಂದಾಗಿಂದ ಅದನ್ನೇ ನೋಡ್ತಿದ್ದೀನಿ. ಎಸೀರಿ ಅಂದ್ರೆ, ‘ನಿನ್ನನ್ನ ಎಸೀತೀನಾ?’ ಅಂತಾರೆ. ಇದೇನು ಪ್ರೀತಿಯೋ ಬೈಗುಳವೋ ನೀನೇ ಹೇಳು” ಎಂದು ಅಕ್ಕ ನನ್ನ ಹತ್ತಿರ ಗೋಳಾಡಿದ್ದಾಳೆ.

ಇಂಥ ಮನೆಗೆ ಎರಡು ಬೇಸಿಗೆಯ ಹಿಂದೆ ಗುಬ್ಬಣ್ಣ ಬಂದ. ಭಾವನ ಆಫೀಸಿನಲ್ಲಿ ಹಿಂದೆ ಹಿರಿಯ ಎಂಜಿನಿಯರಾಗಿದ್ದ ಸ್ವೀಡಿಷ್ ಅಜ್ಜನೊಬ್ಬ ಬಿದ್ದು ಸೊಂಟ ಮುರಿದುಕೊಂಡ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಕೊಮ್ಯೂನಿನವರು, ಅಂದರೆ ಊರಿನ ಆಡಳಿತದವರು, ಅವನಿಗೆ ವೃದ್ಧರ ಆರೈಕೆ ಮನೆಯಲ್ಲಿ ಕೋಣೆ ಕೊಟ್ಟರು. ಅಲ್ಲಿ ಸಾಕುಪ್ರಾಣಿ ನೋಡಲು ಬರಬಹುದು, ವಾಸ ಮಾಡುವಂತಿಲ್ಲ. ಅಜ್ಜನ ಬಳಿಯಿದ್ದದ್ದು ನಲವತ್ತು ವರ್ಷ ಸಾಕಿದ ಒಂದು ಆಮೆ. ಅವನು ಅದನ್ನು ಗುಬ್ಬೆನ್ ಎಂದು ಕರೆಯುತ್ತಿದ್ದ, ‘ಮುದುಕಪ್ಪ’ ಎಂದಂತೆ. ನಮ್ಮಕ್ಕನ ಬಾಯಲ್ಲಿ ಅದು ಒಂದೇ ದಿನದಲ್ಲಿ ಗುಬ್ಬಣ್ಣನಾಯಿತು. “ಪ್ರತಿ ಭಾನುವಾರ ಕರ್ಕೊಂಡು ಬಂದು ತೋರಿಸ್ತೀನಿ” ಎಂದು ಭಾವ ಅಜ್ಜನಿಗೆ ಮಾತು ಕೊಟ್ಟು, ಆಮೆಯನ್ನು ಎದೆಗವಚಿಕೊಂಡು ಮನೆಗೆ ಬಂದರು. ಹೆಂಡತಿಯನ್ನು ಒಂದು ಮಾತು ಕೇಳಿರಲಿಲ್ಲ!

ಅಂಗೈ ಅಗಲಕ್ಕಿಂತ ತುಸು ದೊಡ್ಡದು. ಗುಮ್ಮಟದಂಥ ಚಿಪ್ಪು, ಅದರ ಮೇಲೆ ಅರಿಸಿನ ಚೆಲ್ಲಿದಂಥ ಗೆರೆ. ಹೊಟ್ಟೆಯ ಚಿಪ್ಪಿಗೆ ಕೀಲಿರುವ ಜಾತಿಯಂತೆ. ಹೆದರಿದರೆ ತಲೆ ಕಾಲು ಒಳಗೆಳೆದುಕೊಂಡು ಹಿಂದೆ ಮುಂದೆ ಬಾಗಿಲು ಮುಚ್ಚಿ ಪೆಟ್ಟಿಗೆಯಾಗಿಬಿಡುತ್ತದೆ.

“ನಂಗೂ ಇಂಥದ್ದೊಂದು ಚಿಪ್ಪು ಕೊಡಿಸಿ. ನಿಮ್ಮ ಕಡೆಯೋರು ಬಂದಾಗ ಹಾಕ್ಕೋತೀನಿ” ಎಂದಳು ಅಕ್ಕ.

ಸುದ್ದಿ ಉಡುಪಿಯಲ್ಲಿದ್ದ ನಮ್ಮಮ್ಮನಿಗೆ ಮುಟ್ಟಿತು. ವೀಡಿಯೋ ಕಾಲ್‌ನಲ್ಲಿ ಅಮ್ಮ ತಲೆಮೇಲೆ ಕೈಹೊತ್ತು ಕುಳಿತರು. “ಆಮೆ ಹೊಕ್ಕ ಮನೆ, ಕೋರ್ಟಿನ ಅಮೀನ ಹೊಕ್ಕ ಮನೆ ಉದ್ಧಾರ ಆದದ್ದುಂಟಾ?”

“ಅತ್ತೆ, ಅದು ಹೊಕ್ಕಿದ್ದಲ್ಲ. ನಾನೇ ಎತ್ಕೊಂಡು ಬಂದಿದ್ದು” ಎಂದರು ಭಾವ. “ಮತ್ತೆ ಸಾಕ್ಷಾತ್ ಕೂರ್ಮಾವತಾರ. ದೇವರನ್ನ ಮನೆಗೆ ಬೇಡ ಅನ್ನೋಕಾಗುತ್ತಾ?”

“ಆಮೇಲಿನ ಅವತಾರ ಹಂದಿ. ಅದನ್ನೂ ತರ್ತಾರಾ ಕೇಳಮ್ಮ” ಎಂದು ಒಳಗಿನಿಂದ ಅಕ್ಕ ಕೂಗಿದಳು. ಭಾವ ಕಿಟಕಿಯಾಚೆಯ ಕಾಡಿನ ಕಡೆ ನೋಡಿ ಒಂದು ಕ್ಷಣ ಯೋಚಿಸಿದ್ದು ಕಂಡು ಅಮ್ಮ ಗಾಬರಿಯಾಗಿ ಫೋನಿಟ್ಟರು.

ದೇವರೇನೋ ಸರಿ, ದೇವರ ನೈವೇದ್ಯ? ಎರೆಹುಳ! ಫಿಕಾಕ್ಕೆ, ಅಂದರೆ ಆಫೀಸಿನ ಕಾಫಿ ಹೊತ್ತಿಗೆ, ಕೇಕು ಬಂದರೆ “ಇದರಲ್ಲಿ ಮೊಟ್ಟೆ ಇದೆಯಾ?” ಎಂದು ಮೂರು ಜನರನ್ನು ಕೇಳುವ ನಮ್ಮ ಭಾವ, ಮಳೆ ನಿಂತ ಕೂಡಲೇ ಚಮಚ ಹಿಡಿದು ಹಿತ್ತಲಿಗೆ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಹುಳವೊಂದನ್ನು ಎತ್ತಿ, “ಕ್ಷಮಿಸಪ್ಪಾ” ಎಂದು ಹೇಳಿ ಗುಬ್ಬಣ್ಣನ ಮುಂದಿಡುತ್ತಿದ್ದರು. ಒಂದು ಶನಿವಾರ ಮಾತ್ರ ಅವನ ತಟ್ಟೆಯಲ್ಲಿ ಬರೀ ಸ್ಟ್ರಾಬೆರಿ ಮತ್ತು ಅಣಬೆ.

“ಏನು ಭಾವ, ಹುಳ ಸಿಗಲಿಲ್ವಾ?”

“ಇವತ್ತು ಏಕಾದಶಿ ಅಲ್ವೇನಮ್ಮಾ?”

ಆಮೆಯ ಕೈಲಿ ಏಕಾದಶಿ ಮಾಡಿಸುವ ಮನುಷ್ಯನಿಗೆ ಏನಂತ ಹೇಳುವುದು?

ತಿಂದು ಮುಗಿಸಿದ ಗುಬ್ಬಣ್ಣ ನೇರ ಹೋಗುತ್ತಿದ್ದದ್ದು ಬಾಗಿಲ ಬಳಿಯ ಆ ದೋಣಿ ಬೂಟಿಗೆ. ಅರ್ಧ ದೇಹ ಒಳಗೆ ನುಗ್ಗಿಸಿ ಗಂಟೆಗಟ್ಟಲೆ ಮಲಗುತ್ತಿದ್ದ. “ನೋಡೇ, ನಿಮ್ಮ ಭಾವನ ಕಾಲಿನ ವಾಸನೆಗೆ ಮರುಳಾಗಿರೋ ಜೀವ ಪ್ರಪಂಚದಲ್ಲಿ ಇದೊಂದೇ” ಎಂದು ಅಕ್ಕ ನಗುತ್ತಿದ್ದಳು.

ಮೊದಲ ಚಳಿಗಾಲ ಅಜ್ಜನೇ ಫೋನಿನಲ್ಲಿ ಹೇಳಿಕೊಟ್ಟಂತೆ ಎಲ್ಲವೂ ನಡೆದಿತ್ತಂತೆ. ಆಗ ನಾನು ಈ ದೇಶದಲ್ಲಿರಲಿಲ್ಲ, ಏನು ನಡೆದಿತ್ತೆಂದು ನನಗೆ ಯಾರೂ ಹೇಳಿರಲೂ ಇಲ್ಲ. ಕಳೆದ ನವೆಂಬರಿನಲ್ಲಿ ಅಕ್ಕ “ತೆಂಗಿನಕಾಯಿ ತಗೊಂಡು ಬಾರೇ” ಎಂದಳೆಂದು ಬಟ್ಟೆ ಒಗೆಯುವ ಕೋಣೆಯ ಎರಡನೇ ಫ್ರಿಜ್ ತೆಗೆದೆ. ಒಳಗೊಂದು ಮರದ ಪೆಟ್ಟಿಗೆ. ಕಾಯಿ ಇದರಲ್ಲೇ ಇರಬೇಕೆಂದು ಒಣ ಎಲೆಯೊಳಗೆ ಕೈಹಾಕಿದರೆ ತಣ್ಣಗೆ, ಕಲ್ಲಿನಂತೆ ಗುಬ್ಬಣ್ಣ! ನಾನು ಕಿರುಚಿದ ಕಿರುಚಿಗೆ ಪಕ್ಕದ ಮನೆಯವರೂ ಹೊರಬಂದರು. ಸ್ವೀಡನ್ನಿನಲ್ಲಿ ಪಕ್ಕದ ಮನೆಯವರು ಹೊರಬರಬೇಕಾದರೆ ಅದು ಎಂಥ ಕಿರುಚಾಟ ಎಂದು ನೀವೇ ಊಹಿಸಿ. ಭಾವ ಓಡಿ ಬಂದರು. ನನ್ನನ್ನು ನೋಡಲಿಕ್ಕಲ್ಲ.

“ಶ್! ಬಾಗಿಲು ಹಾಕು! ಐದು ಡಿಗ್ರಿ ಇರ್ಬೇಕು!”

“ಭಾವ, ಅದು ಸತ್ತುಹೋಗಿದೆ!”

“ಸತ್ತಿಲ್ಲ ಕಣಮ್ಮಾ. ಚಳಿಗಾಲದ ನಿದ್ದೆ. ಹೊರಗೆ ಮೈನಸ್ ಹದಿನೈದು, ಒಳಗೆ ಹೀಟರು. ಮಲಗೋಕೆ ಸರಿಯಾದ ಚಳಿ ಇರೋದು ಫ್ರಿಜ್‌ನಲ್ಲೇ. ಏಪ್ರಿಲ್‌ನಲ್ಲಿ ಏಳ್ತಾನೆ.”

ದಿನಕ್ಕೊಮ್ಮೆ ಬಾಗಿಲು ತೆಗೆದು ಗಾಳಿಯಾಡಿಸುವುದು, ನೋಟ್‌ಬುಕ್ಕಿನಲ್ಲಿ ಡಿಗ್ರಿ ಬರೆಯುವುದು, ಇದು ಅವರ ಸಂಧ್ಯಾವಂದನೆ. ಫ್ರಿಜ್‌ನ ಬಾಗಿಲಿಗೆ ಚೀಟಿಯೂ ಬಂತು: ‘ಗುಬ್ಬಣ್ಣ ಮಲಗಿದ್ದಾನೆ, ಗದ್ದಲ ಬೇಡ.’

ಜನವರಿಯಲ್ಲಿ ನಗುವ ಮಾತು ನಿಂತಿತು. ಅಜ್ಜನ ಹೃದಯ ಕೈಕೊಡುತ್ತಿತ್ತು. ಇನ್ನು ತಿಂಗಳಲ್ಲ, ವಾರಗಳ ಲೆಕ್ಕ ಎಂದು ನರ್ಸು ಭಾವನಿಗೆ ಹೇಳಿದಳು. ಗುಬ್ಬಣ್ಣ ಏಳುವುದು ಏಪ್ರಿಲ್‌ನಲ್ಲಿ. ಅಜ್ಜ ಅಲ್ಲಿಯವರೆಗೆ ಇರುವುದು ಅನುಮಾನ.

“ಎಬ್ಬಿಸಿಬಿಡಿ ರೀ. ಒಂದು ಸಲ ತೋರಿಸಿ ಬನ್ನಿ” ಎಂದಳು ಅಕ್ಕ, ಆಮೆಯನ್ನು ಕಂಡರೆ ಮೂಗು ಮುರಿಯುತ್ತಿದ್ದ ಅದೇ ಅಕ್ಕ.

“ಆಗಲ್ಲ. ಅಜ್ಜ ನನ್ನಿಂದ ಮಾತು ತಗೊಂಡಿದ್ದಾನೆ” ಎಂದರು ಭಾವ. “‘ನಲವತ್ತು ವರ್ಷದಲ್ಲಿ ಒಂದು ಸಲವೂ ನಾನು ಅವನನ್ನ ನಡುನಿದ್ದೆಯಲ್ಲಿ ಎಬ್ಬಿಸಿಲ್ಲ, ನೀನೂ ಎಬ್ಬಿಸಬೇಡ, ನನಗೋಸ್ಕರ ಅಂತೂ ಬೇಡವೇ ಬೇಡ’ ಅಂದ. ಅಕಾಲದಲ್ಲಿ ಎದ್ರೆ ಅದರ ಜೀವಕ್ಕೇ ಅಪಾಯ ಆಗಬಹುದಂತೆ.”

ಭಾನುವಾರ ಭಾನುವಾರ ಭಾವ ಬರಿಗೈಯಲ್ಲಿ ಹೋಗಿ ಬರುತ್ತಿದ್ದರು. ಬಂದವರು ಬೂಟೂ ಬಿಚ್ಚದೆ ಆ ಫ್ರಿಜ್‌ನ ಮುಂದೆ ನಿಲ್ಲುತ್ತಿದ್ದರು. ಬಾಗಿಲ ಹಿಡಿಯ ಮೇಲೆ ಕೈಯಿಡುವುದು, ಹಿಂದಕ್ಕೆಳೆದುಕೊಳ್ಳುವುದು. ಧರ್ಮಸಂಕಟ ಎಂಬ ಶಬ್ದವನ್ನು ಪುಸ್ತಕದಲ್ಲಿ ಓದಿದ್ದೆ. ಅದು ಫ್ರಿಜ್‌ನ ಮುಂದೆ ನಿಂತದ್ದನ್ನು ಅಲ್ಲೇ ನೋಡಿದ್ದು.

ಈಗ ನನ್ನ ಮಹಾಪರಾಧಕ್ಕೆ ಬರುತ್ತೇನೆ. ಫೆಬ್ರವರಿಯ ಒಂದು ಭಾನುವಾರ ಬೆಳಗಿನ ತಿಂಡಿಗೆ ಹನ್ನೊಂದು ಜನ ಕನ್ನಡದವರನ್ನು ಅಕ್ಕ ಕರೆದಿದ್ದಳು. ದೋಸೆ! ಆದರೆ ಈ ಚಳಿಯಲ್ಲಿ ಹಿಟ್ಟು ಹುದುಗುವುದುಂಟೇ? ಇಲ್ಲಿನ ನಮ್ಮವರೆಲ್ಲರ ಉಪಾಯ ಒಂದೇ: ಹಿಟ್ಟಿನ ಡಬ್ಬವನ್ನು ಓವನ್ನಿನೊಳಗಿಟ್ಟು ಬರೀ ದೀಪ ಹಚ್ಚುವುದು. ಆ ದೀಪದ ಕಾವಿಗೆ ಬೆಳಗಾಗುವುದರಲ್ಲಿ ಹಿಟ್ಟು ಉಕ್ಕುತ್ತದೆ. ನಮ್ಮವರ ಇನ್ನೊಂದು ಗುಣವೂ ನಿಮಗೆ ಗೊತ್ತು: ಖಾಲಿಯಾದ ಐಸ್‌ಕ್ರೀಂ ಡಬ್ಬವನ್ನು ನಾವು ಎಸೆಯುವುದಿಲ್ಲ.

ಶುಕ್ರವಾರವೇ ರುಬ್ಬಿಟ್ಟ ಹಿಟ್ಟು ಬೇಗ ಹುಳಿಯಾಗದಿರಲೆಂದು ಅಕ್ಕ ಅದನ್ನು ಎರಡನೇ ಫ್ರಿಜ್‌ನಲ್ಲಿಟ್ಟಿದ್ದಳು. ಶನಿವಾರ ಸಂಜೆ ಅವಳು ಮಗಳನ್ನು ಈಜು ಕ್ಲಾಸಿಗೆ ಕರೆದುಕೊಂಡು ಹೋದವಳು ಅಲ್ಲಿಂದಲೇ ನನಗೆ ಫೋನು ಮಾಡಿದಳು. “ದೊಡ್ಡ ಐಸ್‌ಕ್ರೀಂ ಡಬ್ಬದಲ್ಲಿ ಹಿಟ್ಟಿದೆ, ಓವನ್‌ನಲ್ಲಿಟ್ಟು ಲೈಟ್ ಹಾಕ್ಬಿಡೇ.”

ನಾನು ಹೋದೆ. ಬಾಗಿಲ ಚೀಟಿ ಓದಿದೆ. ಆ ಮನೆಯಲ್ಲಿ ನಾನು ಓದಿ ಪಾಲಿಸಿದ ಒಂದೇ ಚೀಟಿ ಅದು! ಗದ್ದಲವಾಗದಂತೆ ಕಳ್ಳಬೆಕ್ಕಿನ ಹಾಗೆ ಬಾಗಿಲು ತೆಗೆದೆ. ಒಂದೇ ತರಹದ ಎರಡು ಐಸ್‌ಕ್ರೀಂ ಡಬ್ಬ. ಆಮೆಯ ಮರದ ಪೆಟ್ಟಿಗೆ ಕಾಣಲಿಲ್ಲ. ಹಿಂದೆಲ್ಲೋ ಇರಬೇಕೆಂದುಕೊಂಡೆ, ಇಣುಕಿ ನೋಡುವ ಆಸೆಯೂ ನನಗಿರಲಿಲ್ಲ. ಎರಡರಲ್ಲಿ ಹಿಟ್ಟು ಯಾವುದು? ಒಂದರ ಮುಚ್ಚಳಕ್ಕೆ ಸಾಲಾಗಿ ತೂತು ಕೊರೆದಿತ್ತು. ಹುದುಗುವ ಹಿಟ್ಟಿಗೆ ಗಾಳಿ ಬೇಡವೇ! ಅಕ್ಕನ ಜಾಣತನವನ್ನು ಮೆಚ್ಚಿಕೊಂಡು ಆ ಭಾರವಾದ ಡಬ್ಬವನ್ನು ಓವನ್ನಿನಲ್ಲಿಟ್ಟು ದೀಪ ಹಚ್ಚಿ ಕೈತೊಳೆದುಕೊಂಡೆ.

ಮರದ ಪೆಟ್ಟಿಗೆಗೆ ಬೂಷ್ಟು ಹಿಡಿಯಿತೆಂದು ಭಾವ ಆ ವಾರವಷ್ಟೇ ಗುಬ್ಬಣ್ಣನನ್ನು ಎಲೆಯ ಸಮೇತ ಐಸ್‌ಕ್ರೀಂ ಡಬ್ಬಕ್ಕೆ ವರ್ಗಾಯಿಸಿದ್ದರು. ಆ ಮನೆಯಲ್ಲಿ ಇನ್ನೂ ಚೀಟಿ ಬೀಳದ ಡಬ್ಬ ಅದೊಂದೇ! ಇದು ನನಗೆ ಗೊತ್ತಿರಲಿಲ್ಲ. ಹಿಟ್ಟಿನ ಡಬ್ಬ ಆ ಫ್ರಿಜ್‌ಗೆ ಬಂದದ್ದು ಭಾವನಿಗೆ ಗೊತ್ತಿರಲಿಲ್ಲ. ಅಂದು ಸಂಜೆ ಅವರು ಎಂದಿನಂತೆ ಬಾಗಿಲು ತೆಗೆದು, ಒಳಗೆ ಉಳಿದಿದ್ದ ಡಬ್ಬದ ಮೇಲೆ ಮೃದುವಾಗಿ ಕೈಯಾಡಿಸಿ, “ಅಜ್ಜನಿಗೆ ಹುಷಾರಿಲ್ಲ ಕಣೋ” ಎಂದು ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ನೋಟ್‌ಬುಕ್ಕಿನಲ್ಲಿ ಬರೆದರು: ‘ಐದು ಡಿಗ್ರಿ. ಶಾಂತವಾಗಿದ್ದಾನೆ.’ ಮೂರು ಲೀಟರು ದೋಸೆ ಹಿಟ್ಟು ನಿಜವಾಗಿಯೂ ಶಾಂತವಾಗಿತ್ತು!

ಭಾನುವಾರ ಬೆಳಿಗ್ಗೆ ನಾನು ಚಟ್ನಿಗೆ ಕಾಯಿ ತುರಿಯುತ್ತಿದ್ದೆ. ಎಂಟು ವರ್ಷದ ಅಕ್ಕನ ಮಗಳು ದಾಲ್ಚಿನ್ನಿ ಬನ್ನು ಬೇಯಿಸುತ್ತೇನೆಂದು ಓವನ್ನಿನ ಗುಂಡಿಗೆ ಕೈಹಾಕಿದವಳು ನಿಂತಳು.

“ಚಿಕ್ಕೀ, ಒಳಗೆ ಯಾರೋ ಬಾಗಿಲು ತಟ್ತಾ ಇದ್ದಾರೆ.”

ಅಯ್ಯೋ ದೇವರೇ! ಓವನ್ ತೆಗೆದೆ. ಮುಚ್ಚಳ ಓರೆಯಾಗಿತ್ತು. ಒಣ ಎಲೆ ಚೆಲ್ಲಿತ್ತು. ದೀಪದ ಬೆಳಕಿನಲ್ಲಿ ಕೆಂಪು ಕಣ್ಣಿನ ಮುದಿ ಮುಖವೊಂದು ಕತ್ತು ಚಾಚಿ ನನ್ನನ್ನೇ ನೋಡುತ್ತಿತ್ತು. ಹಿಟ್ಟು ಉಕ್ಕಿ ಹರಿದದ್ದನ್ನು ಕಂಡಿದ್ದೇನೆ. ಹಿಟ್ಟಿಗೆ ನಾಲ್ಕು ಕಾಲು ಬಂದದ್ದನ್ನು ಎಲ್ಲಾದರೂ ಕಂಡದ್ದುಂಟೇ! ಮರುಕ್ಷಣ ಆ ಹುಡುಗಿಯ ಕೈ ಗುಂಡಿಯ ಮೇಲಿದ್ದದ್ದು ನೆನಪಾಗಿ ಅವಳನ್ನು ಹಿಂದಕ್ಕೆಳೆದೆ. ಅಲ್ಲೇ ನೆಲಕ್ಕೆ ಕೂತೆ.

ಭಾವ ಬಂದರು. ನೋಡಿದರು. ನಾನು ಅಳುತ್ತಾ ಎಲ್ಲ ಹೇಳಿದೆ. ಬೈಗುಳಕ್ಕೆ ಕಣ್ಣುಮುಚ್ಚಿ ಕಾದೆ. ಬೈಗುಳ ಬರಲಿಲ್ಲ. ಕಣ್ಣು ತೆರೆದರೆ ಭಾವ ನನ್ನ ಪಕ್ಕದಲ್ಲೇ ನೆಲಕ್ಕೆ ಕೂತು, ಅಂಗೈ ಚಾಚಿದ್ದರು. ಗುಬ್ಬಣ್ಣ ಒಂದೊಂದೇ ಕಾಲಿಟ್ಟು ಅದರ ಮೇಲೆ ಹತ್ತಿದ.

“ಎದ್ಬಿಟ್ಟ” ಎಂದರು. ಆಮೇಲೆ, ಗಲಾಟೆ ಕೇಳಿ ಬಂದಿದ್ದ ಅಕ್ಕನ ಕಡೆ ತಿರುಗಿ ಚಿಕ್ಕ ಮಗುವಿನ ಹಾಗೆ ಕೇಳಿದರು, “ನಾನು ಎಬ್ಬಿಸಲಿಲ್ಲ ಅಲ್ವಾ? ನಾನು ಮಾತು ಮುರೀಲಿಲ್ಲ ಅಲ್ವಾ?”

“ಇಲ್ಲ ರೀ” ಎಂದಳು ಅಕ್ಕ. “ನೀವು ಹೊರಡಿ. ಬಂದವರಿಗೆ ನಾನು ಉಪ್ಪಿಟ್ಟು ಮಾಡ್ತೀನಿ.”

ಉಗುರುಬೆಚ್ಚನೆಯ ನೀರಿನಲ್ಲಿ ಗುಬ್ಬಣ್ಣನ ಸ್ನಾನವಾಯಿತು. ನೀರು ಕುಡಿದ. ಭಾವ ಅವನನ್ನು ತಮ್ಮ ಉಣ್ಣೆ ಟೊಪ್ಪಿಗೆಯಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟರು. “ಎಬ್ಬಿಸಿದೋಳು ನೀನು, ನೀನೇ ಹಿಡ್ಕೋ.” ಹುಳ ತಿನ್ನುವ ಆ ಪ್ರಾಣಿಯನ್ನು ನಾನು ಅವತ್ತಿನವರೆಗೆ ಬೇಕೆಂದು ಮುಟ್ಟಿದವಳಲ್ಲ. ಕಾರಿನ ಹೀಟರು ಜೋರಾಗಿ ಹಾಕಿ, ದಾರಿಯುದ್ದಕ್ಕೂ ಅವನನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದುಕೊಂಡಿದ್ದೆ.

ಅಜ್ಜ ದಿಂಬಿಗೊರಗಿದ್ದ. ಮೂಳೆ ಚರ್ಮ ಅಷ್ಟೆ. ಭಾವ ಟೊಪ್ಪಿಗೆ ಬಿಡಿಸಿ ಗುಬ್ಬಣ್ಣನನ್ನು ಅವನ ಎದೆಯ ಮೇಲಿಟ್ಟರು. ಅಜ್ಜನ ಮುಖ ಬಿಗಿಯಿತು.

“ಇನ್ನೂ ಫೆಬ್ರವರಿ” ಎಂದ, ಭಾವನನ್ನು ದುರುಗುಟ್ಟಿ ನೋಡುತ್ತಾ. “ಮಾತು ಕೊಟ್ಟಿದ್ದೆ ನೀನು.”

“ನಾನಲ್ಲ, ಇವಳು!” ಎಂದು ಭಾವ ನನ್ನತ್ತ ಬೆರಳು ತೋರಿಸಿ, ಹಿಟ್ಟು, ಓವನ್, ದೀಪ, ಡಬ್ಬ, ಹನ್ನೊಂದು ಜನ, ಎಲ್ಲವನ್ನೂ ಸ್ವೀಡಿಷ್‌ನಲ್ಲಿ ವಿವರಿಸಿದರು. ತಾವು ಹಿಟ್ಟಿನ ಜೊತೆ ಮಾತಾಡಿದ್ದನ್ನೂ ಮುಚ್ಚಿಡಲಿಲ್ಲ. ಅಜ್ಜ ನಕ್ಕ. ಕೆಮ್ಮು ಬಂದರೂ ನಕ್ಕ. ನರ್ಸು ಓಡಿ ಬಂದು ನೋಡಿದರೆ ಅವಳಿಗೂ ಹೇಳಿಸಿ ಇನ್ನೊಮ್ಮೆ ನಕ್ಕ. ಗುಬ್ಬಣ್ಣ ಆ ಎದೆಯ ಏರಿಳಿತಕ್ಕೆ ಹೆದರಿ ಬಾಗಿಲು ಹಾಕಿಕೊಳ್ಳಲಿಲ್ಲ, ಕತ್ತು ಚಾಚಿದ. ಅಜ್ಜ ಒಂದು ಬೆರಳಿನಿಂದ ಅವನ ಗದ್ದದ ಕೆಳಗೆ ಸವರುತ್ತಾ ಹೋದ.

ಹೊರಡುವಾಗ ಅಜ್ಜನ ಕಣ್ಣು ಭಾವನ ಕಾಲಿನ ಮೇಲೆ ಬಿತ್ತು. “ಇನ್ನೂ ಅದೇ ಬೂಟಾ?” ಎಂದವನು ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದ. “ಇವನು ಮೊದಲ ಚಳಿಗಾಲದಲ್ಲಿ ಬಸ್‌ಸ್ಟಾಪಿನಲ್ಲಿ ಬಟ್ಟೆಯ ಷೂ ಹಾಕ್ಕೊಂಡು ನಿಂತಿದ್ದ, ಗೊತ್ತಾ? ಗಡಗಡ ನಡುಗ್ತಿದ್ದ. ನನ್ನ ಕಾಲಿಂದ ಬಿಚ್ಚಿ ಕೊಟ್ಟೆ. ಸಾಕ್ಸ್‌ನಲ್ಲೇ ಕಾರು ಓಡಿಸ್ಕೊಂಡು ಮನೆಗೆ ಹೋದೆ. ಗುಬ್ಬೆನ್‌ಗೆ ಮಾತ್ರ ಸಿಟ್ಟು ಬಂತು. ಅವನು ಚಿಕ್ಕವನಿದ್ದಾಗಿಂದ ಮಲಗ್ತಿದ್ದದ್ದು ಆ ಬೂಟಿನಲ್ಲೇ. ಒಂದು ವಾರ ಮನೆಯೆಲ್ಲ ಹುಡುಕಾಡಿದ.”

ಇಷ್ಟು ದಿನ ನಾವು ನಕ್ಕದ್ದು ಯಾರ ಕಾಲಿನ ವಾಸನೆಗೆ? ಅಷ್ಟು ವರ್ಷದ ವಾಸನೆ ಚರ್ಮದಲ್ಲಿ ಉಳಿಯುತ್ತದೆಯೇ ಎಂದು ನನ್ನ ಲ್ಯಾಬಿನವರನ್ನು ಕೇಳಿದರೆ ಇಲ್ಲವೆಂದು ತಲೆಯಾಡಿಸಿಯಾರು. ನನಗೆ ಕೇಳುವ ಮನಸ್ಸಿಲ್ಲ.

ಗುಬ್ಬಣ್ಣನಿಗೆ ಏನೂ ಆಗಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ, ಕಾವಿನ ದೀಪದ ಕೆಳಗೆ, ಅಕ್ಕನೇ ಕೈಯಾರೆ ಹೆಚ್ಚಿಕೊಟ್ಟ ಅಣಬೆ ತಿಂದುಕೊಂಡು ಉಳಿದ ಚಳಿಗಾಲ ಕಳೆದ. ಅಜ್ಜ ಮಾರ್ಚ್ ತಿಂಗಳ ಮೊದಲ ವಾರ ತೀರಿಕೊಂಡ. ಅದಕ್ಕೆ ಮುಂಚೆ ಮೂರು ಭಾನುವಾರ ಸಿಕ್ಕಿದವು.

ಅಂತ್ಯಕ್ರಿಯೆ ಮುಗಿಸಿ ಬಂದ ಭಾವ ಬೂಟು ಬಿಚ್ಚಿ ಬಾಗಿಲ ಬಳಿ ಇಟ್ಟರು. ಮರುದಿನ ಬೆಳಿಗ್ಗೆ ನಾನು ನೋಡುವಾಗ ಗುಬ್ಬಣ್ಣ ಅದರೊಳಗೆ ಅರ್ಧ ಹೊಕ್ಕು ಮಲಗಿದ್ದ. ಭಾವ ಕೋಟು ಹಾಕಿಕೊಂಡು ಬಂದವರು ನಿಂತರು. ಸ್ವಲ್ಪ ಹೊತ್ತಿನ ಮೇಲೆ ಕೋಟು ಬಿಚ್ಚಿ, ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಮೇಲಧಿಕಾರಿಗೆ ಫೋನು ಮಾಡಿ ಇವತ್ತು ಬರುವುದಿಲ್ಲ ಎಂದರು.

ಆ ಕಡೆಯಿಂದ ಕಾರಣ ಕೇಳಿರಬೇಕು. ಭಾವ ಕಣ್ಣೊರೆಸಿಕೊಂಡು ಹೇಳಿದರು.

“ಬೂಟು ಖಾಲಿ ಇಲ್ಲ.”